ಜೀನು ಹೊಲಿದವನ ಮರಿಮಗಳು

ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಬೀದಿಯ ಆಂಟಿಯ ಮನೆಗೆ ಹೋಗುವವರಿಗೆ ನನ್ನದೊಂದು ಹಿತವಚನ: ಚರ್ಮದ ಬ್ಯಾಗು, ಬೆಲ್ಟು, ಬೂಟು ಯಾವುದನ್ನೂ ಧರಿಸಿ ಹೋಗಬೇಡಿ! ಬಾಗಿಲಲ್ಲೇ ನಿಲ್ಲಿಸಿ ಹೊಲಿಗೆ ಎಳೆದು ನೋಡುತ್ತಾರೆ. ಮೂಸಿಯೂ ನೋಡುತ್ತಾರೆ. ನನ್ನ ಗಂಡ ಹೊಸ ಕಾರು ತೋರಿಸಲು ಹೋದಾಗ ಸೀಟಿಗೆ ಮೂಗು ಹಚ್ಚಿ, “ಪ್ಲಾಸ್ಟಿಕ್ ಕಣಪ್ಪ. ಚೆನ್ನಾಗಿ ಟೋಪಿ ಹಾಕಿದಾರೆ ನಿಂಗೆ,” ಎಂದು ಬೆನ್ನು ಸವರಿ ಸಮಾಧಾನ ಹೇಳಿದರು. ನನ್ನ ಗಂಡ ಆ ಕಾರಿನಲ್ಲಿ ಇಂದಿಗೂ ಟವೆಲ್ ಹಾಸಿಕೊಂಡೇ ಕೂರುತ್ತಾರೆ.

ಇದಕ್ಕೆಲ್ಲ ಆಂಟಿಯ ಮುತ್ತಾತ ಕಾರಣ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದವನು. ಪಟಾಲಮ್ಮಿನ ಕುದುರೆಗಳಿಗೆ ಜೀನು ಹೊಲಿಯುವುದು ಅವನ ಕಸುಬು. ಆಂಟಿಯ ಬಾಯಲ್ಲಿ ಅವನು ‘ನಮ್ಮ ಸ್ಯಾಡ್ಲರ್’. ಅವನ ಮಕ್ಕಳಲ್ಲಿ ಒಬ್ಬ ರೈಲ್ವೆ ಗಾರ್ಡ್, ಒಬ್ಬಳು ಟೀಚರ್, ಇನ್ನೊಬ್ಬ ಮದ್ರಾಸಿಗೆ ಓಡಿಹೋಗಿ ಬ್ಯಾಂಡಿನಲ್ಲಿ ಕಹಳೆ ಊದಿದನಂತೆ. ಇದಿಷ್ಟೂ ಇಲ್ಲಿನ ಕನ್ನಡಿಗರಿಗೆಲ್ಲ ಬಾಯಿಪಾಠ. ನಮ್ಮ ನಮ್ಮ ಮುತ್ತಾತಂದಿರ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತೇವೆ!

ಆಂಟಿ ದಂಡಿನಲ್ಲೇ ಹುಟ್ಟಿ ಬೆಳೆದು, ನರ್ಸ್ ಕೆಲಸ ಹಿಡಿದು ಈ ದೇಶಕ್ಕೆ ಬಂದವರು. ಕೆಂಪು ಮುಖ, ಹೂವಿನ ಗೌನು, ಅಚ್ಚ ಬೆಂಗಳೂರು ಕನ್ನಡ. ಒಮ್ಮೆ ಪರಿಚಯದವರ ಮದುವೆಯಲ್ಲಿ ಮೈಸೂರಿನ ವರ, ಪಂಜಾಬಿ ವಧುವಿನ ಕಡೆಯವರ ಆಸೆಗೆ ಮಣಿದು, ಹೋಟೆಲಿನ ಪಾರ್ಕಿಂಗ್ ಲಾಟಿನಲ್ಲಿ ಕುದುರೆ ಏರಿದ. ಡೋಲು ಬಡಿಯುತ್ತಿತ್ತು. ಆಂಟಿ ಮೆರವಣಿಗೆಗೆ ಅಡ್ಡ ನಿಂತು ಕೈ ಎತ್ತಿದರು.

“ಇಳಿಯೋ ಮಗನೇ. ಜೀನಿನ ಹೊಟ್ಟೆ ಪಟ್ಟಿ ಸಡಿಲ ಇದೆ.”

“ಆಂಟಿ, ಮುಹೂರ್ತ ಮೀರುತ್ತೆ!” ಎಂದ ವರ.

“ಬಿದ್ರೆ ಸೊಂಟಾನೂ ಮುರಿಯುತ್ತೆ. ಯಾವ್ದು ಬೇಕು?”

ವರ ಇಳಿದ. ಆಂಟಿ ಪಟ್ಟಿ ಬಿಗಿದು, ಕುದುರೆಯ ಕಿವಿಯಲ್ಲಿ ಏನೋ ಕುಶಲ ವಿಚಾರಿಸಿ, ದಾರಿ ಬಿಟ್ಟರು. ಆದರೆ ವರ ಮತ್ತೆ ಹತ್ತಲು ಒಪ್ಪಬೇಕಲ್ಲ! ಅವನು ನಡೆದ, ಕುದುರೆ ಹಿಂದೆ ಬಂತು.

ನಾನು ಬಸುರಿಯಾಗಿದ್ದು ಕೋವಿಡ್ ಶುರುವಾದ ವರ್ಷ. ಬಾಣಂತನಕ್ಕೆ ಅಮ್ಮನ ವೀಸಾ, ಟಿಕೆಟ್ಟು ಎಲ್ಲ ಆಗಿತ್ತು. ಅಂಟಿನುಂಡೆಯ ಡಬ್ಬಿ ಸೂಟ್‌ಕೇಸಿಗೆ ಸೇರಿತ್ತು. ವಿಮಾನಗಳು ನಿಂತವು. ವಿಡಿಯೊ ಕಾಲಿನಲ್ಲಿ ಅಮ್ಮ ಅತ್ತರು, ನಾನೂ ಅತ್ತೆ. ಮೊದಲ ಮಗು, ಯಾರೂ ಇಲ್ಲ. ಹೆದರಿಕೆಗೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಆಸ್ಪತ್ರೆಯಿಂದ ಮಗಳನ್ನು ಕರೆತಂದ ದಿನವೇ ಆಂಟಿ ಮಾಸ್ಕ್ ಹಾಕಿಕೊಂಡು, ಹರಳೆಣ್ಣೆ ಬಾಟಲಿ ಸಮೇತ ಪ್ರತ್ಯಕ್ಷರಾದರು.

“ಆಂಟಿ, ನಿಮಗೆ ವಯಸ್ಸಾಗಿದೆ, ರಿಸ್ಕ್ ಬೇಡ,” ಎಂದರು ನನ್ನ ಗಂಡ.

“ನಮ್ಮ ಸ್ಯಾಡ್ಲರ್ ಕಾಲರಾ ಕಾಲದಲ್ಲಿ ಸಮುದ್ರ ದಾಟ್ದ. ನಾನು ಒಂದು ಬೀದಿ ದಾಟ್ಬಾರ್ದಾ? ಸರಿ ಆ ಕಡೆ, ನೀರು ಕಾಯಿಸ್ಬೇಕು.”

ಅಲ್ಲಿಂದ ಶುರುವಾಯಿತು ನೋಡಿ ದರ್ಬಾರು! ನನಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಹುಯ್ದು, ಮೆಣಸಿನ ಸಾರು ಉಣ್ಣಿಸಿ, ಸೊಂಟಕ್ಕೆ ಬಟ್ಟೆ ಬಿಗಿದರು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ನಡುಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಇಡೀ ಅಪಾರ್ಟ್‌ಮೆಂಟಿನ ಅಲಾರಂ ಬಡಿದುಕೊಂಡಿತು. ಫೈರ್ ಇಂಜಿನ್ ಬಂತು. ಹೆಲ್ಮೆಟ್ ಧರಿಸಿದ ಆಜಾನುಬಾಹು ಬಾಗಿಲಲ್ಲಿ ನಿಂತು ಹೊಗೆ ಯಾಕೆಂದು ಕೇಳಿದ.

“ಬೇಬಿ ಈಸ್ ಡ್ರೈಯಿಂಗ್ ಹರ್ ಹೇರ್,” ಎಂದರು ಆಂಟಿ, ಗಂಭೀರವಾಗಿ. ಮಗಳ ತಲೆಯಲ್ಲಿ ಇದ್ದದ್ದೇ ನಾಲ್ಕು ಕೂದಲು!

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಂದು ದಿನ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೇಳಿದೆ.

“ನಮ್ಮಮ್ಮ ಕಲ್ಸಿದ್ಲು. ಅವಳಿಗೆ ಅವಳಮ್ಮ. ಅವಳಿಗೆ ಸ್ಯಾಡ್ಲರ್ ಹೆಂಡ್ತಿ.”

ಕುದುರೆ ಲಾಯಕ್ಕೆ ಹುಲ್ಲಿನ ಹೊರೆ ತರುತ್ತಿದ್ದ, ಯಲಹಂಕದ ಕಡೆಯ ಹೆಣ್ಣುಮಗಳಂತೆ ಆಕೆ. ಹೆಸರೇನೆಂದು ಕೇಳಿದೆ.

“ಯಾರೂ ಹೇಳ್ಳಿಲ್ಲಮ್ಮ. ಸ್ಯಾಡ್ಲರ್ ಕಥೆ ಎಲ್ಲರೂ ಹೇಳಿದ್ರು. ಅವನಿಂದ ಒಂದು ಸೂಜೀನೂ ನಮಗೆ ಬಂದಿಲ್ಲ. ಇದು ಬಂತು,” ಎಂದು ನನ್ನ ನೆತ್ತಿ ತಟ್ಟುವುದನ್ನು ಮುಂದುವರಿಸಿದರು. ಹೆಸರು ಗೊತ್ತಿಲ್ಲದ ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಮ್ಮ ಬರುವಷ್ಟರಲ್ಲಿ ಮಗಳು ಓಡಾಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಆಂಟಿ ನೋಡಲು ಬಂದರು. ಅಮ್ಮ ಥ್ಯಾಂಕ್ಸ್ ಹೇಳಲಿಲ್ಲ. ಅವರಿಗೆ ಉಡುಗೊರೆಯೆಂದು ತಂದಿದ್ದ ಸೀರೆಯನ್ನೂ ಆಗಲೇ ಕೊಡಲಿಲ್ಲ. ಆಂಟಿಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು.

“ನನ್ನ ಮಗಳಿಗೆ ನೀವು ಎರೆದ್ರಿ. ನಿಮಗೆ ಇಲ್ಲಿ ಯಾರು ಎರೀತಾರೆ?”

ಆಂಟಿ ಏನೋ ತಮಾಷೆ ಹೇಳಲು ಬಾಯಿ ತೆರೆದರು. ಅಮ್ಮ ಅಷ್ಟರಲ್ಲಿ ನೆತ್ತಿಗೆ ಎಣ್ಣೆ ಇಟ್ಟಾಗಿತ್ತು.

“ನಮ್ಮಮ್ಮ ಹೋದ್ಮೇಲೆ ನನ್ ತಲೆ ಯಾರೂ ಮುಟ್ಟಿಲ್ಲ,” ಎಂದರು ಆಂಟಿ. ಆಮೇಲೆ ಕಣ್ಣು ಮುಚ್ಚಿ ಕೂತರು. ಅಮ್ಮ ಹದವಾಗಿ ತಟ್ಟಿ, ಸೀಗೆಪುಡಿ ಹಚ್ಚಿ, ಚೊಂಬಿನಿಂದ ನೀರು ಹುಯ್ದರು. ಬಕೆಟ್ ಖಾಲಿಯಾಯಿತು.

“ಸಾಕಾ?” ಎಂದರು ಅಮ್ಮ.

ನನ್ನ ಅಮ್ಮನಿಗಿಂತ ಎಷ್ಟೋ ದೊಡ್ಡವರು ಆಂಟಿ. ತಲೆ ಎತ್ತದೆ, ಚಿಕ್ಕ ಹುಡುಗಿಯ ದನಿಯಲ್ಲಿ ಹೇಳಿದರು: “ಇನ್ನೊಂದು ಚೊಂಬು ಹುಯ್ಯಮ್ಮ.”