ಹತ್ತಕ್ಕೆ ಎರಡು ಅಂಕ ಪಡೆದ ಹೀಟರು

ಇದರಲ್ಲಿ ಒಂದೆರಡು ವಿವರಗಳು ತಪ್ಪಿರಬಹುದು. ಹಾಲು ಚೆಲ್ಲಿದ್ದು ಗುರುವಾರ ಎಂದು ನನ್ನ ಡೈರಿ ಹೇಳುತ್ತದೆ; ಭಾನುವಾರ ಎಂದು ನೆನಪು ಹಟ ಹಿಡಿಯುತ್ತದೆ. ಡೈರಿ ಬರೆದವಳೂ ನಾನೇ, ನೆನಪಿಟ್ಟುಕೊಂಡವಳೂ ನಾನೇ. ಯಾರನ್ನು ನಂಬಲಿ? ಆದರೆ ಒಂದು ವಿಷಯಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಅಮೆರಿಕದ ಇಡೀ ಬೇ ಏರಿಯಾದಲ್ಲಿ ವ್ಯಾನಿನ ಹೀಟರಿಗೆ ಪರೀಕ್ಷೆ ಇಟ್ಟು, ಅಂಕ ಹಾಕಿಸಿ, ಅದನ್ನು ಫೇಲು ಮಾಡಿಸಿದ ಒಬ್ಬನೇ ಒಬ್ಬ ಮನುಷ್ಯ ನನ್ನ ಸೋದರಮಾವ!

ಮಾಮಾ ಧಾರವಾಡದವರು. ಎವರ್‌ಗ್ರೀನ್ ಎಂಬ ಬಡಾವಣೆಯ ಗುಡ್ಡದ ಮೇಲೆ ಮಾಮಿಯ ಜೊತೆ, ಒಂದು ಹಳೆಯ ಏಳು ಸೀಟಿನ ವ್ಯಾನಿನ ಜೊತೆ ಇದ್ದಾರೆ. ಅವರು ಮನುಷ್ಯರ ಮಾತನ್ನು ಅಷ್ಟಾಗಿ ನಂಬುವುದಿಲ್ಲ, ಅಳತೆಯನ್ನು ನಂಬುತ್ತಾರೆ. ಹೇಗಿದ್ದೀರಿ ಎಂದು ಕೇಳಿದರೆ ಬೆಳಗಿನ ಬಿ.ಪಿ. ಎಷ್ಟಿತ್ತು ಎಂದು ಹೇಳುತ್ತಾರೆ. ಮಾಮಿ ಅನ್ನಕ್ಕಿಟ್ಟ ಕುಕ್ಕರು ಒಂದು ಸೀಟಿಯಿಂದ ಇನ್ನೊಂದು ಸೀಟಿಗೆ ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಗಡಿಯಾರ ನೋಡಿ ಬರೆದಿಡುತ್ತಾರೆ. ಯಾತಕ್ಕೆ ಎಂದರೆ, ಬೇಕಾದಾಗ ಇರಲಿ ಎನ್ನುತ್ತಾರೆ. ಯಾರಿಗೆ ಬೇಕಾದೀತು? ಅನ್ನಕ್ಕಂತೂ ಇದುವರೆಗೆ ಬೇಕಾಗಿಲ್ಲ.

ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರೂವರೆಗೆ, ಮಾಮಾ ತಮ್ಮ ಬೀದಿಯ ನಾಲ್ವರು ಹಿರಿಯರನ್ನೂ ಮಾಮಿಯನ್ನೂ ವ್ಯಾನಿಗೆ ತುಂಬಿಕೊಂಡು ಕಮ್ಯುನಿಟಿ ಸೆಂಟರಿನ ಈಜುಕೊಳಕ್ಕೆ ಹೋಗುತ್ತಾರೆ. ಈಜು ಯಾರಿಗೂ ಬರುವುದಿಲ್ಲ. ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸುವ ವ್ಯಾಯಾಮ ಅದು. ನೆಲದ ಮೇಲೆ ಹತ್ತು ಹೆಜ್ಜೆಗೆ ಒಮ್ಮೆ ಉಸ್ಸೆನ್ನುವ ಮಂಡಿಗಳು ನೀರಿನಲ್ಲಿ ನಲವತ್ತು ನಿಮಿಷ ತಾವು ಮಂಡಿಗಳೆಂಬುದನ್ನೇ ಮರೆಯುತ್ತವೆ. ಆ ಗುಂಪಿನಲ್ಲಿ ಗಾಡಿ ಓಡಿಸುವವರು ಮಾಮಾ ಒಬ್ಬರೇ. ಮಕ್ಕಳಿಗೆ ಆಫೀಸು, ಮೊಮ್ಮಕ್ಕಳಿಗೆ ಸ್ಕೂಲು. ಹಾಗಾಗಿ ವ್ಯಾನು ನಿಂತರೆ ಕೊಳವೂ ನಿಂತಿತು, ಆರು ಜನ ಆರು ಕಿಟಕಿಗಳ ಹಿಂದೆ ಕೂತರು ಎಂದೇ ಅರ್ಥ.

ತೊಂದರೆ ಬಂದದ್ದು ವಾಪಸು ಬರುವಾಗ. ಬೇ ಏರಿಯಾದಲ್ಲೂ ಚಳಿಯಾ ಎಂದು ಮಿನೆಸೋಟಾದ ನಮ್ಮ ನೆಂಟರು ನಗುತ್ತಾರೆ. ನಗಲಿ. ಒದ್ದೆ ತಲೆಯಲ್ಲಿ ಮೂರು ಡಿಗ್ರಿಯ ಬೆಳಗಿನೊಳಕ್ಕೆ ಕಾಲಿಟ್ಟು ನೋಡಲಿ, ಆಮೇಲೆ ಮಾತಾಡೋಣ! ನವೆಂಬರಿನ ಕೊನೆಗೆ ವ್ಯಾನಿನ ಹೀಟರು ಸೋತಿತು. ಹಿಂದಿನ ಸೀಟಿನವರು ಕಾಲು ಮರಗಟ್ಟುತ್ತಿದೆ ಎಂದು ದೂರಿದರು. ಮಾಮಾ ಒಪ್ಪಲಿಲ್ಲ. ‘ನನಗೇನೂ ಥಂಡಿ ಹತ್ತವಲ್ದು. ಹೀಟರ್ ಛಲೋ ಅದ’ ಎಂದು ಎರಡು ವಾರ ದೂಡಿದರು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂರುವ ಮೈಸೂರಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರಿಗೆ ನೆಗಡಿಯಾಗಿ, ಅದು ಕೆಮ್ಮಾಗಿ, ಅವರ ಮಗಳು ಮಾಮಾನ ಮಗಳಿಗೆ ಫೋನು ಮಾಡಿದಳು. ಮಾಮಾನ ಮಗಳು, ಅಂದರೆ ನನ್ನ ಅಕ್ಕ, ಲಾಸ್ ಆಲ್ಟೋಸಿನಲ್ಲಿರುವವಳು. ಅವಳು ಮೀಟಿಂಗು ನಡೆಸುವ ದನಿಯಲ್ಲೇ ತೀರ್ಪು ಕೊಟ್ಟಳು: ‘ಅಪ್ಪಾ, ಹೊಸ ವರ್ಷದೊಳಗ ಹೀಟರ್ ಸರಿ ಆಗ್ಲಿಲ್ಲಂದ್ರ ವ್ಯಾನ್ ಯಾರಿಗರ ಕೊಟ್ಟುಬಿಡ್ತೀನಿ. ಆಮ್ಯಾಲೆ ಬ್ಯಾರೆ ಕಾರೂ ಬ್ಯಾಡ.’

ಮಾಮಾ ಮರುದಿನವೇ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿದರು. ಕಾಲು, ಕೈ, ಮೂಗು, ಕಿವಿ ಎಂದು ನಾಲ್ಕು ಸಾಲು. ಪ್ರತಿಯೊಂದಕ್ಕೂ ಹೀಟರಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಪ್ರಯಾಣಿಕರು ಬರೆಯಬೇಕು. ನಡುಗುವ ಕೈಯಲ್ಲಿ ಪೆನ್ನು ಹಿಡಿದು ಎಲ್ಲರೂ ಬರೆದರು. ಹೆಡ್‌ಮಿಸ್ಟ್ರೆಸ್ ಮೇಡಮ್ ಕಾಲಿಗೆ ಎರಡು ಅಂಕ ಹಾಕಿ ಕೆಳಗೆ ಗೆರೆ ಎಳೆದರು. ಇಷ್ಟು ಕಡಿಮೆಯೇ ಎಂದು ಮಾಮಾ ಅಪೀಲು ಹೋದರಂತೆ.

‘ಆ ಎರಡೂ ಹಾಜರಾತಿಗೆ ಕೊಟ್ಟಿದ್ದು. ದಿನಾ ಬಂದು ಶಬ್ದ ಮಾಡತ್ತಲ್ಲ’ ಎಂದರು ಮೇಡಮ್.

ಅಂಕಪಟ್ಟಿಯ ಮೇಲೂ ಮಾಮಾನಿಗೆ ಅನುಮಾನ. ಮೈಸೂರು ಪಾಕಿನ ಪಾಕ ನೋಡಲು ಮಾಮಿ ತರಿಸಿಕೊಂಡಿದ್ದ ಥರ್ಮಾಮೀಟರನ್ನು ಎತ್ತಿಕೊಂಡು ಹೋಗಿ ಗಾಳಿ ಬರುವ ಕಿಂಡಿಗೆ ಕಟ್ಟಿದರು. ಅದು ಬಿಸಿ ಸಾಕಷ್ಟಿದೆ ಎಂದು ತೋರಿಸಿತು. ಥರ್ಮಾಮೀಟರು ಬಿಸಿ ಎನ್ನುತ್ತದೆ, ಮೇಡಮ್ಮಿನ ಕಾಲು ತಣ್ಣಗೆ ಎನ್ನುತ್ತದೆ. ಇಬ್ಬರಲ್ಲಿ ಸುಳ್ಳು ಹೇಳುವವರು ಯಾರು? ಇದನ್ನು ಇತ್ಯರ್ಥ ಮಾಡಲು ಮಾಮಾ ಮೂರನೆಯ ಸಾಕ್ಷಿಯನ್ನು ಕರೆದರು: ಹಾಲು. ಒಂದು ಡಬ್ಬಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಅದನ್ನು ಹಿಂದಿನ ಸೀಟಿನ ಕೆಳಗಿಟ್ಟು, ಹೀಟರು ಪೂರ್ತಿ ತಿರುಗಿಸಿ, ಫ್ರೀವೇಯಲ್ಲಿ ಐದಾರು ಗಂಟೆ ಊರೆಲ್ಲ ಸುತ್ತಿ ಮೌಂಟನ್ ವ್ಯೂನಲ್ಲಿರುವ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ನಾನೇ ಡಬ್ಬಿ ತೆರೆದೆ. ಹಾಲು ಹಾಲಾಗಿಯೇ ಇತ್ತು, ಫ್ರಿಜ್ಜಿನಿಂದ ಈಗ ತೆಗೆದಷ್ಟು ತಣ್ಣಗೆ. ಅಂದರೆ ಬಿಸಿ ಮುಂದೆ ಹುಟ್ಟುತ್ತಿದೆ, ಹಿಂದಕ್ಕೆ ಹೋಗುತ್ತಿಲ್ಲ. ಮಾಮಾನಿಗೆ ಸಂತೋಷವೋ ಸಂತೋಷ. ಆ ಸಂತೋಷದಲ್ಲಿ ಮುಚ್ಚಳ ಸರಿಯಾಗಿ ಬಿಗಿಯದೆ ಹೊರಟರು. ಮೊದಲ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದಾಗ ಸಾಕ್ಷಿ ಕಾರ್ಪೆಟ್ಟಿನ ಮೇಲೆ ಹರಿದುಹೋಯಿತು. ಆಮೇಲೆ ಹತ್ತು ದಿನ ಆ ವಾಸನೆಗೆ ಕಿಟಕಿ ನಾಲ್ಕೂ ಇಳಿಸಿಕೊಂಡು ಹೋಗಬೇಕಾಯಿತು. ಹೀಟರಿನ ಮೇಲಿನ ದೂರು ಮಾತ್ರ ಆ ಹತ್ತು ದಿನ ನಿಂತಿತ್ತು!

ಮೆಕ್ಯಾನಿಕ್ ಒಬ್ಬ ನೋಡಿದ. ಒಳಗೆ ಬಿಸಿನೀರು ಹರಿಯುವ ಪೆಟ್ಟಿಗೆ ಕಟ್ಟಿಕೊಂಡಿರಬಹುದು, ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಬೇಕು, ಜನವರಿ ನಡುವಿಗೆ ಬನ್ನಿ ಎಂದ. ಜನವರಿ ನಡುವಿಗೆ ವ್ಯಾನು ಇರುತ್ತದೆಯೇ? ನಾಡಿ ಹಿಡಿಯದೆ ಹೊಟ್ಟೆ ಕೊಯ್ಯುವ ಡಾಕ್ಟರ ಹತ್ತಿರ ಹೋಗಬಾರದು ಎಂದುಕೊಂಡು ಮಾಮಾ ನನ್ನನ್ನು ಕರೆದರು. ನಾನು ಕಲಿತದ್ದು ಸಮಾಜಶಾಸ್ತ್ರ. ಅದು ಅವರಿಗೆ ಅಡ್ಡಿಯಾಗಲಿಲ್ಲ.

ಡಿಸೆಂಬರಿನ ಕೊನೆಯ ಶನಿವಾರ. ಎಂಜಿನ್ ಕಾಯಿಸಿ, ಬಾನೆಟ್ಟು ಎತ್ತಿ, ಎಂಜಿನ್ನಿನಿಂದ ವ್ಯಾನಿನೊಳಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಮಾಮಾ ತೋರಿಸಿದರು. ಒಂದರಲ್ಲಿ ಬಿಸಿನೀರು ಒಳಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಒಳಗೆ ಕಟ್ಟಿಕೊಂಡಿದ್ದರೆ ಒಂದು ಬಿಸಿ, ಒಂದು ತಣ್ಣಗೆ ಇರಬೇಕು. ಮುಟ್ಟಿ ನೋಡು ಎಂದರು. ಮುಟ್ಟಿದೆ. ಬೀದಿಯ ನಾಯಿಗಳೆಲ್ಲ ಬೊಗಳುವಂತೆ ಕೂಗಿದೆ. ಮಾಮಾ ಪೆನ್ಸಿಲ್ ತೆಗೆದು ಒಂದನೇ ಪೈಪು ಬಿಸಿ ಎಂದು ಬರೆದುಕೊಂಡು, ‘ಎರಡನೇದು?’ ಎಂದರು. ಸೆರಗು ಇರಲಿಲ್ಲ, ಸ್ವೆಟರಿನ ತೋಳಿನಲ್ಲಿ ಮುಟ್ಟಿದೆ. ಅದೂ ಬಿಸಿ. ನೀರಿನ ತಪ್ಪಿಲ್ಲ, ಹಾಗಾದರೆ ತಪ್ಪು ಗಾಳಿಯದು.

ಮುಂದಿನ ಸೀಟಿನ ಎದುರಿನ ಖಾನೆಯನ್ನು ಕಳಚಿದರೆ ಅದರ ಹಿಂದೆ ಗಾಳಿ ಸೋಸುವ ಫಿಲ್ಟರು ಇರುತ್ತದೆ. ನಾನು ಅದನ್ನು ಎಳೆದೆ. ಮೊದಲು ಬಂದದ್ದು ಅಕ್ಕಿ. ಅರಿಸಿನ ಹಚ್ಚಿದ ಅಕ್ಕಿ, ಹಿಡಿಗಟ್ಟಲೆ. ಆಮೇಲೆ ಒಣಗಿದ ಚೆಂಡು ಹೂವಿನ ಎಸಳು, ಕರ್ಪೂರದ ಪೊಟ್ಟಣದ ಚೂರು, ಇವನ್ನೆಲ್ಲ ಹಾಸಿಕೊಂಡು ಯಾವುದೋ ಇಲಿ ಕಟ್ಟಿದ್ದ ದುಂಡನೆಯ ಗೂಡು. ಬಾಡಿಗೆದಾರರು ಮನೆಯಲ್ಲಿರಲಿಲ್ಲ.

ಪ್ರತಿ ವರ್ಷ ಆಯುಧಪೂಜೆಯಲ್ಲಿ ಮಾಮಿ ವ್ಯಾನಿಗೆ ಬೇರೆಯವರ ಹಾಗೆ ಬಾನೆಟ್ಟಿನ ಮೇಲೆ ಎರಡು ಹೂ ಇಟ್ಟು ಮುಗಿಸುವವರಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಆ ಸಂದಿನಲ್ಲಿ, ಹೂವು ಅಕ್ಷತೆ ಉದುರಿಹೋಗದೆ ನಿಲ್ಲುತ್ತವೆ ಎಂದು ಅಲ್ಲೇ ಬೊಗಸೆಯಲ್ಲಿ ಏರಿಸುತ್ತಾರೆ. ಹೀಟರಿಗೆ ಗಾಳಿ ಒಳಗೆ ಹೋಗುವ ದಾರಿಯೂ ಅದೇ! ಇಷ್ಟು ವರ್ಷ ಹೀಟರು ನೈವೇದ್ಯವನ್ನೇ ಉಸಿರಾಡಿದೆ.

ಮಾಮಿ ಬಂದು ಗೂಡು ನೋಡಿದರು. ಬೇಜಾರಾಗುತ್ತಾರೆ ಎಂದುಕೊಂಡೆ.

‘ಗಣಪತಿಗಂತ ಏರಿಸಿದ್ದು ಅವನ ಇಲಿಗೇ ಮುಟ್ಟ್ಯದಲ್ಲ. ದಂಡ ಏನಾಗಿಲ್ಲ ಬಿಡ್ರಿ’ ಎಂದು ತಾಟು ತರಲು ಒಳಗೆ ಹೋದರು.

ಇಲಿಗೂಡಿಗೆ ನಾವು ಮಾಸ್ಕು, ಕೈಗವಸು ಹಾಕಿಕೊಂಡೇ ಕೈ ಹಾಕಿದ್ದೆವು. ಫ್ಯಾನಿನ ಬಾಯಿಯವರೆಗೆ ಒರೆಸಿ, ಹೊಸ ಫಿಲ್ಟರು ಕೂರಿಸಿ, ಎಂಜಿನ್ ಚಾಲೂ ಮಾಡಿದೆವು. ಮಾಮಾ ಡ್ರೈವರ್ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಗುಂಡಿ ತಿರುಗಿಸಿದ್ದೇ ತಡ, ಕಿಂಡಿಗಳಿಂದ ಉಳಿದಿದ್ದ ಎಸಳೆಲ್ಲ ಹಾರಿ ಮಾಮಾನ ಬೋಳುತಲೆಯ ಮೇಲೆ ಕೂತವು. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಕಾಲ ಬಳಿ ಬಿಸಿಗಾಳಿ ಎಷ್ಟು ಜೋರಾಗಿ ಬಡಿಯಿತೆಂದರೆ ಕಾಲು ಹಿಂದಕ್ಕೆಳೆದುಕೊಂಡೆ.

ಮಾಮಾ ಎಳೆದುಕೊಳ್ಳಲಿಲ್ಲ. ಬೂಟು, ಸಾಕ್ಸು ಬಿಚ್ಚಿ ಬರಿಗಾಲನ್ನು ಕಿಂಡಿಗೆ ಒತ್ತಿ ಹಿಡಿದಿದ್ದರು. ಪಾದ ಕೆಂಪಾಗುತ್ತಿತ್ತು. ಅವರು ಪಾದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

‘ಬಂತೇನವಾ?’

‘ನಿಮಗೆ ಗೊತ್ತಾಗ್ತಿಲ್ವಾ ಮಾಮಾ?’

ಗಾಜಿನಾಚೆ ಮಾಮಿ ತಾಟಿನಲ್ಲಿ ಎಸಳು ಆರಿಸುತ್ತಿದ್ದರು. ಮಾಮಾ ಅವರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

‘ಬಂದಿರಬೇಕು.’

ನಾನು ಬಗ್ಗಿ ಅವರ ಕಾಲನ್ನು ಕಿಂಡಿಯಿಂದ ಈಚೆಗೆ ಸರಿಸಿದೆ. ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದ್ದು. ಅದು ಪಾದದ ಸ್ಪರ್ಶವನ್ನು ತಿಂದಿತ್ತು. ಈ ಕಾಲಿನಲ್ಲೇ ಬ್ರೇಕು ಒತ್ತುತ್ತಿದ್ದರಲ್ಲ ಎಂದು ನನಗೆ ಹೊಳೆದ ಹೊತ್ತಿಗೇ ಅವರಿಗೂ ಹೊಳೆಯಿತೋ, ಅಥವಾ ಮೊದಲೇ ಗೊತ್ತಿತ್ತೋ, ಹೇಳಲಾರೆ. ಎಂಜಿನ್ ಆರಿಸಲಿಲ್ಲ ಅವರು. ಇಳಿದು, ಬರಿಗಾಲಿನಲ್ಲೇ ಈ ಕಡೆ ಸುತ್ತಿಕೊಂಡು ಬಂದು ನನ್ನ ಬಾಗಿಲು ತೆಗೆದರು. ‘ಇನ್ನ ಗಾಡಿ ನೀ ಹೊಡಿ. ಮಗಳಿಗೆ ನಾನೇ ಹೇಳ್ತೀನಿ’ ಎಂದರು.

ಸಂಜೆಯೇ ಹೇಳಿದರು. ಅಕ್ಕ ಫೋನಿನಲ್ಲೇ ವಾರದ ಪಾಳಿ ಹಾಕಿದಳಂತೆ. ವ್ಯಾನು ಕೊಡಲಿಲ್ಲ. ಸೋಮವಾರ ಅವಳೇ ಓಡಿಸುತ್ತಾಳೆ, ಬುಧವಾರ ಮೇಡಮ್ಮಿನ ಅಳಿಯ, ಶುಕ್ರವಾರ ನಾನು. ಕಾಲಿನ ಡಾಕ್ಟರು ಔಷಧಿ ಬದಲಾಯಿಸಿದ್ದಾರೆ, ದಿನಾ ಪಾದ ನೋಡಿಕೊಳ್ಳಿ ಎಂದಿದ್ದಾರೆ, ನೀರಿನ ವ್ಯಾಯಾಮ ಮಾತ್ರ ಬಿಡಬೇಡಿ ಎಂದಿದ್ದಾರೆ. ಆರು ಜನವೂ ಹೋಗುತ್ತಿದ್ದಾರೆ.

ಹೋದ ಶುಕ್ರವಾರ ಕೊಳದಿಂದ ಬರುವಾಗ ಹಿಂದಿನ ಸೀಟುಗಳಲ್ಲಿ ಎಲ್ಲರೂ ಬೆಚ್ಚಗೆ ತೂಕಡಿಸುತ್ತಿದ್ದರು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ, ಪಕ್ಕದಲ್ಲಿದ್ದ ಮಾಮಾನಿಗೆ ಮಾತ್ರ ಕೇಳುವಂತೆ ಕೇಳಿದೆ:

‘ಮಾಮಾ, ಕಾಲು ಯಾವಾಗಿಂದ ಹೀಗಿದೆ?’

ಅವರು ಹಿಂದಕ್ಕೆ ತಿರುಗಿ ಮಾಮಿಯ ಶಾಲು ಸರಿಮಾಡಿದರು. ದೀಪ ಹಸಿರಾಯಿತು, ನಾನು ಹೊರಟೆ.