ಮಾಲೆ ಹಾಕಿಸಿಕೊಂಡ ಕಚೀನಾ

ಬದುಕಿದ್ದವರಿಗೆ ಫೋಟೋ ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ಅವರು ಎದುರಿಗೇ ಅಡ್ಡಾಡುತ್ತಿರುತ್ತಾರೆ. ಸತ್ತವರಿಗೆ ಮಾತ್ರ ಒಂದು ಇರಲೇಬೇಕು. ಇದು ನನಗೆ ತಡವಾಗಿ ತಿಳಿಯಿತು. ನನ್ನ ಹೆಂಡತಿ ಕಮಲಾ ತೀರಿಕೊಂಡ ಮೇಲೆ ನವಲಗುಂದದ ನಮ್ಮ ಸಣ್ಣ ಮನೆಯಲ್ಲಿ ಅವಳ ಸೀರೆಗಳಿದ್ದವು, ಬಳೆಗಳಿದ್ದವು, ಅರ್ಧ ಹೊಲಿದ ಕೌದಿ ಇತ್ತು, ಅವಳು ಹಾಕಿಟ್ಟ ಲಿಂಬಿಕಾಯಿ ಉಪ್ಪಿನಕಾಯಿ ಕೂಡ ಇತ್ತು. ಮುಖವೊಂದು ಇರಲಿಲ್ಲ.

ಅವಳಿಗೂ ಕ್ಯಾಮರಾಕ್ಕೂ ಕೂಡಿಬರುತ್ತಿರಲಿಲ್ಲ. ಹೆದರಿಕೆಯೇನಲ್ಲ, ನಗು. ಯಾರಾದರೂ ಕ್ಯಾಮರಾ ಹಿಡಿದು ಒಂದು ಕಣ್ಣು ಮುಚ್ಚಿದರೆ ಸಾಕು, ಇವಳಿಗೆ ನಗು ಬರುತ್ತಿತ್ತು. ನಗು ಬಂದರೆ ಸೆರಗು ಮುಖಕ್ಕೆ ಹೋಗುತ್ತಿತ್ತು, ಕಾಲಿನ ಹೆಬ್ಬೆರಳು ಎರಡೂ ತಾವಾಗಿ ಮೇಲೇಳುತ್ತಿದ್ದವು. ಅವಳ ತಂಗಿಯ ಮದುವೆಯ ಫೋಟೋದಲ್ಲಿ ಬೀಗರೆಲ್ಲರ ಮುಖಗಳಿವೆ, ನಡುವೆ ಒಂದು ಸೆರಗು ಇದೆ. ನಮ್ಮದೇ ಮದುವೆಯ ಫೋಟೋದಲ್ಲಿ ನಾನು ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದೇನೆ, ಬಾಜೂಕ ಒಂದು ಬಾಸಿಂಗ ನಿಂತಿದೆ. ಅದರ ಹಿಂದೆ ಕಮಲಾ ಇದ್ದಾಳೆಂದು ನಂಬಿಕೊಳ್ಳಬೇಕು.

ಇನ್ನು ನಮ್ಮ ಪಡಸಾಲೆಯ ಗೋಡೆಯ ಮೇಲಿನ ಚಿತ್ರದ ವಿಷಯ. ನಮ್ಮ ಓಣಿಯ ತುದಿಯಲ್ಲಿ ಮೆಹಬೂಬಿ ಎಂಬಾಕೆ ಜಮಖಾನೆ ನೇಯುತ್ತಾಳೆ. ಕಮಲಾ ಮಧ್ಯಾಹ್ನವೆಲ್ಲ ಅವಳ ಮಗ್ಗದ ಮುಂದೆಯೇ ಇರುತ್ತಿದ್ದಳು. ಊರಿನಲ್ಲಿ ಟೀವಿ ಇನ್ನೂ ಒಂದೆರಡು ಮನೆಗೆ ಮಾತ್ರ ಬಂದಿದ್ದ ಕಾಲ, ನೋಡುವುದಕ್ಕೆ ಬೇರೇನಿತ್ತು? ಒಮ್ಮೆ ಅಮೇರಿಕದ ಒಬ್ಬ ಮುದುಕಿ ಜಮಖಾನೆ ನೋಡಲು ಬಂದಳು. ಮಾತು ತಿಳಿಸಿ ಹೇಳಲು ಹುಬ್ಬಳ್ಳಿಯ ಒಬ್ಬ ಪ್ರೊಫೆಸರರು ಜೊತೆಗಿದ್ದರು. ಹೋಗುವಾಗ ಆಕೆ ಒಂದಿಷ್ಟು ಚಿತ್ರದ ಕಾರ್ಡು ಕೊಟ್ಟು ಹೋದಳು. ಅವಳ ದೇಶದಲ್ಲಿ ಹೋಪಿ, ಜೂನಿ ಎಂಬ ಹಳೆಯ ಕಾಲದ ಜನ ಇದ್ದಾರಂತೆ. ಅವರ ಕಚೀನಾಗಳ ಚಿತ್ರ ಅವು. ಟೀವಿಯ ಹಾಗೆ ಚೌಕ ತಲೆ, ಸೀಳಿಟ್ಟಂಥ ಕಣ್ಣು, ಕೊಳವೆಯಂಥ ಮೂಗು, ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದ ಮೋಡ. ಮೋಡದ ಮೆಟ್ಟಿಲೂ ಜಮಖಾನೆಯ ಅಂಚಿನ ಮೆಟ್ಟಿಲೂ ಒಂದೇ ನಮೂನೆ ಎಂದು ಆ ಮುದುಕಿಗೂ ಮೆಹಬೂಬಿಗೂ ಬಹಳ ಖುಷಿಯಾಯಿತಂತೆ.

"ಇವು ದೇವರಲ್ಲ, ಹಿರಿಯರಿದ್ದಂಗ. ಮಳಿ ತರ್ತಾವ. ಅರ್ಧಾ ವರ್ಷ ಊರಾಗ ಇದ್ದು ಕುಣೀತಾವ, ಆಮ್ಯಾಲೆ ತಮ್ಮ ಗುಡ್ಡಕ್ಕ ಹೋಗಿಬಿಡ್ತಾವ" ಎಂದು ಪ್ರೊಫೆಸರರು ಹೇಳಿದರಂತೆ.

"ಹಂಗಾರ ಉಳದ ಅರ್ಧಾ ವರ್ಷ ಮನ್ಯಾಗಿನವ್ರು ಏನ್ ಮಾಡ್ತಾರ್ರಿ?" ಎಂದು ಕಮಲಾ ಕೇಳಿದಳಂತೆ. ಪ್ರೊಫೆಸರರು ಅದನ್ನು ಇಂಗ್ಲಿಷಿಗೆ ತಿರುಗಿಸದೆ ಚಹಾ ಕುಡಿದರಂತೆ.

ಆ ಕಾರ್ಡು ನೋಡಿಕೊಂಡು ಕಮಲಾ ಚಹಾ ಪೆಟ್ಟಿಗೆಯ ಹಲಗೆಗಳ ಮೇಲೆ ಬರೆಯತೊಡಗಿದಳು. ನಾನು ಹತ್ತಿ ಅಡತಿ ಅಂಗಡಿಯ ಕಾರಕೂನ. ಅಂಗಡಿಯ ಬಾಗಿಲಿಗೆ ಹಚ್ಚಿ ಉಳಿದ ಹಸಿರು, ಕೆಂಪು ಪೇಂಟು ಅವಳಿಗೆ ತಂದುಕೊಟ್ಟೆ. ಬರೆದ ಮೂರರಲ್ಲಿ ಒಂದು ಮೆಹಬೂಬಿಗೆ ಹೋಯಿತು, ಒಂದು ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಾಯಿತು, ದೊಡ್ಡದು ಪಡಸಾಲೆಯ ಗೋಡೆಗೆ ಬಂತು. ಅಮೇರಿಕದ ಗರಿಗಳು ಅವಳಿಗೆ ಬರಲಿಲ್ಲ, ಜೋಳದ ತೆನೆ ಇಟ್ಟಳು. ಮೈಮೇಲೆ ಇಳಕಲ್ಲ ಸೀರೆಯ ದಡಿ ಬಂತು. ಅಷ್ಟುದ್ದ ಮೂಗು ಬರಿದಾಗಿ ಕಾಣುತ್ತದೆಂದು ಕೊನೆಗೆ ಒಂದು ಮೂಗುತಿ ಕೂಡ ಇಟ್ಟಳು. ನಾನು, "ಇದು ಯಾರು?" ಎಂದು ಕೇಳಿದೆ. "ನಿಮ್ಮ ತವರಮನಿಯವ್ರು" ಎಂದಳು. ಗಂಡಸರಿಗೆ ತವರುಮನೆ ಇರುವುದಿಲ್ಲ ಎಂದು ವಾದಿಸಲು ಹೋಗಿ ನಾನು ಸೋತೆ.

ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಹುಬ್ಬಳ್ಳಿಯ ದವಾಖಾನೆಗೆ ಬಸ್ಸಿನಲ್ಲಿ ಕೂತು ಹೋದವಳು ಟೆಂಪೋದಲ್ಲಿ ಮಲಗಿ ಬಂದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ದಿವಸದ ಕಾರ್ಯಕ್ಕೆ ಅಣ್ಣನ ಹೆಂಡತಿ ಗಂಗಾ ವೈನಿ ಮಿಶ್ರಿಕೋಟಿಯಿಂದ ಬಂದರು. ಬಂದವರೇ, "ಏನಪಾ, ಫೋಟೋ ಎಲ್ಲೈತಿ? ಮುತ್ತೈದಿ ಸಾವು. ಮಾಲಿ ಯಾರಿಗೆ ಹಾಕೂಣು?" ಎಂದರು. ನಾನು ಮದುವೆಯ ಫೋಟೋ ಹಿಡಿದು ಸ್ಟುಡಿಯೋಕ್ಕೆ ಓಡಿದೆ. ಸ್ಟುಡಿಯೋದವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ದೊಡ್ಡದು ಮಾಡಬಹುದ್ರಿ. ಆದ್ರ ದೊಡ್ಡ ಬಾಸಿಂಗ ಬರ್ತೈತಿ."

"ಮುಖಾ ಬರೂದಿಲ್ಲೇನ್ರಿ?"

"ಇದ್ರ ಬರತಿತ್ರಿ. ಮುಖಾನ ಬೇಕಂದ್ರ ನಮ್ಮಲ್ಲಿ ಅದಾವ್ರಿ, ಛಲೋ ಛಲೋ ಮುಖಾ. ಒಂದು ಕೂಡಿಸಿ ಕೊಡ್ತೀನಿ. ಹಿಂಗ ಒಯ್ದವ್ರು ಯಾರೂ ತಿರಗಿ ತಂದಿಲ್ಲ."

ನಾನು ಬರಿಗೈಯಲ್ಲಿ ಬರುವಷ್ಟರಲ್ಲಿ ವೈನಿ ತೀರ್ಮಾನ ಮಾಡಿಬಿಟ್ಟಿದ್ದರು. ಕಚೀನಾದ ಕೊರಳಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಹಣೆ ಎಲ್ಲಿ ಮುಗಿದು ಮೋಡ ಎಲ್ಲಿ ಸುರುವಾಗುತ್ತದೆ ಎಂದು ತಿಳಿಯದೆ ಮೂರು ಕಡೆ ಕುಂಕುಮ ಹಚ್ಚಿದ್ದರು. "ಆಕಿ ಕೈಲೆ ಬರದದ್ದು. ಮೂಗುತಿ ಐತಿ, ದಡಿ ಐತಿ. ಇಷ್ಟ್ ಸಾಕು" ಎಂದರು. ವೈನಿ ಸಾಕು ಎಂದ ಮೇಲೆ ನಮ್ಮ ಮನೆತನದಲ್ಲಿ ಯಾರೂ ಮಾತಾಡಿದ್ದಿಲ್ಲ.

ಮಾತಾಡಿಸಿ ಹೋಗಲು ಬಂದವರು ಒಬ್ಬೊಬ್ಬರೇ ಚಿತ್ರದ ಮುಂದೆ ಕೂತರು. ಯಾರಾದರೂ ನಗಬಹುದೆಂದು ನಾನು ಗೋಡೆ ನೋಡುತ್ತ ನಿಂತಿದ್ದೆ. ಯಾರೂ ನಗಲಿಲ್ಲ. ಯಮನೂರಿನಿಂದ ಬಂದಿದ್ದ ರುದ್ರಪ್ಪ ಕಾಕಾ, ಅಪ್ಪನ ಗೆಳೆಯರು, ಕನ್ನಡಕ ಒರೆಸಿ ನೋಡಿ ನಿಟ್ಟುಸಿರು ಬಿಟ್ಟರು.

"ಜಡ್ಡಿನ್ಯಾಗ ಭಾಳ ಇಳದಾಳ, ಪಾಪ."

"ಇದು ಜಡ್ಡಿಗಿಂತ ಮೊದಲಿಂದು ಕಾಕಾ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಖರೇ ಹೇಳಲು ಧೈರ್ಯವಿರಲಿಲ್ಲ.

"ಹೌದೇನು? ಹಂಗಾರ ಫೋಟೋ ತಗಿಯಾವಂದು ತಪ್ಪು. ಮೂಗು ಉದ್ದ ಮಾಡ್ಯಾನ. ಕಣ್ಣು ಮಾತ್ರ ಅಗದಿ ಆಕೀವ."

ಕಾಕಾ ಹಾಗೆ ಹೇಳಿದ ಮೇಲೆ ಉಳಿದವರಿಗೂ ಹೋಲಿಕೆ ಕಾಣತೊಡಗಿತು. ಒಬ್ಬರು ಗದ್ದ ಗುರುತಿಸಿದರು. ಇನ್ನೊಬ್ಬರು, ಆಕೆಯ ತಾಯಿಯ ತಲೆಯೂ ಹೀಗೇ ಚೌಕವಿತ್ತು ಎಂದರು. ವೈನಿಯಂತೂ ಬಂದವರಿಗೆಲ್ಲ, "ಮಾತಾಡಸ್ರಿ, ಆಕಿಗೆ ಕೇಳಸ್ತೈತಿ" ಎನ್ನುತ್ತಿದ್ದರು. ಅವರು ಮಾತಾಡಿಸಿದರು ಕೂಡ. ಬದುಕಿದ್ದಾಗ ಕಮಲಾಳ ಕಡೆ ತಿರುಗಿ ನೋಡದವರು ಅಮೇರಿಕದ ಮಳೆಯ ಹಿರಿಯರಿಗೆ, "ಎಷ್ಟ್ ಛಲೋ ಥಾಲಿಪಟ್ಟಿ ಮಾಡ್ತಿದ್ದಿ, ತಂಗಿ" ಎಂದು ಅತ್ತು ಹೋದರು.

ಇದನ್ನೆಲ್ಲ ನಾನು ನಗುವ ವಿಷಯವೆಂದೇ ಇಟ್ಟುಕೊಂಡಿದ್ದೆ. ಆದರೆ ಕೆಲವು ವಾರದ ಮೇಲೆ ಒಂದು ಮಧ್ಯಾಹ್ನ ಅಡತಿಯಲ್ಲಿ ತೂಕ ಬರೆಯುತ್ತ ಕಮಲಾಳನ್ನು ನೆನೆಸಿಕೊಂಡೆ. ಮೊದಲು ಬಂದದ್ದು ಕೊಳವೆ ಮೂಗು. ಗಾಬರಿಯಾಗಿ ಕಣ್ಣು ಮುಚ್ಚಿ ಮತ್ತೆ ನೆನೆಸಿಕೊಂಡೆ. ಚೌಕ ತಲೆ ಬಂತು, ತೆನೆ ಬಂತು, ಮೂರು ಕುಂಕುಮ ಬಂತು. ಅವಳ ಮುಖ ಬರಲಿಲ್ಲ. ಇಷ್ಟು ವರ್ಷ ದಿನಾಲೂ ಎದುರಿಗೆ ಕೂತು ಉಂಡವನು ನಾನು. ಊರವರು ನಾಲ್ಕು ಮಾತಾಡಿದ್ದಕ್ಕೆ ಅವಳ ಮುಖ ಕಳೆದುಕೊಂಡು ಕೂತೆ. ಮನೆಗೆ ಹೋಗಿ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಹಲಗೆಯ ಹಿಂದೆ ಚಹಾ ಕಂಪನಿಯ ಆನೆ ಇತ್ತು. ಮರುದಿನ ಪಕ್ಕದ ಮನೆಯಾಕೆ ಬಂದು ಆನೆಗೆ ಕೈಮುಗಿದಳು. ಮತ್ತೆ ತಿರುಗಿಸಿದೆ.

ಮೆಹಬೂಬಿ ಅಷ್ಟು ದಿನ ಮಗಳ ಬಾಣಂತನಕ್ಕೆ ಅಣ್ಣಿಗೇರಿಗೆ ಹೋಗಿದ್ದಳು. ತಿರುಗಿ ಬಂದವಳು ಸೀದಾ ನಮ್ಮ ಮನೆಗೆ ಬಂದಳು, ಹೊಸ್ತಿಲಲ್ಲಿ ಕೂತು ಅತ್ತಳು. ಆಮೇಲೆ ತಲೆ ಎತ್ತಿ ಗೋಡೆ ನೋಡಿದಳು.

"ಇದಕ್ಯಾಕ ಮಾಲಿ ಹಾಕೀರಿ, ಭಾಯಿ?"

"ಕಮಲಾನ ಫೋಟೋ ಇಲ್ಲ. ಅದಕ್ಕ."

"ಯಾಕಿಲ್ಲ? ನನ್ನ ಹತ್ರ ಐತಲ್ಲ. ಆ ಬಿಳೀ ಮುದುಕಿ ತಗದು ಟಪಾಲಿನ್ಯಾಗ ಕಳಿಸಿದ್ಳು. ಟ್ರಂಕಿನ್ಯಾಗ ಇಟ್ಟೀನಿ. ನಿಮಗ ಬೇಕಾದೀತಂತ ನನಗೇನ್ ಗೊತ್ತು?"

ಅವಳು ತರಲು ಹೋದಳು. ವರ್ಷದ ಕಾರ್ಯ ಹೇಗೆ ಮಾಡಬೇಕೆಂದು ಈಗಲೇ ಹೇಳಿಡಲು ಆ ದಿನ ವೈನಿಯೂ ಬಂದಿದ್ದರು. ಇಬ್ಬರೂ ಬಾಗಿಲಲ್ಲೇ ನಿಂತು ಕಾದೆವು. ಮೆಹಬೂಬಿ ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟಳು.

ಬಣ್ಣದ ಫೋಟೋ. ಮಗ್ಗ ಇದೆ. ಮಗ್ಗದ ಮುಂದೆ ಮೆಹಬೂಬಿ ಕೂತಿದ್ದಾಳೆ. ಬಾಜೂಕ ಕಮಲಾ ನಿಂತಿದ್ದಾಳೆ. ಈಗ ಮನೆಯಲ್ಲಿ ಉಳಿದಿರುವ ಅದೇ ಹಸಿರು ಸೀರೆ, ಅದೇ ಬಳೆ. ಮುಖದ ಮುಂದೆ ಒಂದು ಕಾರ್ಡು ಹಿಡಿದಿದ್ದಾಳೆ. ಕಾರ್ಡಿನ ಮೇಲೆ ಚೌಕ ತಲೆ, ಸೀಳುಗಣ್ಣು, ಕೊಳವೆ ಮೂಗು.

ವೈನಿ ಬಗ್ಗಿ ನೋಡಿದರು. "ನಾ ಹೇಳಿದ್ನಿಲ್ಲೋ? ಇಕೀನ ಆಕಿ" ಎಂದರು.

ನಾನು ಫೋಟೋದ ಕೆಳಭಾಗ ನೋಡುತ್ತಿದ್ದೆ. ಸೀರೆಯ ಅಂಚಿನ ಕೆಳಗೆ ಎರಡೂ ಹೆಬ್ಬೆರಳು ಮೇಲೆದ್ದಿದ್ದವು. ಅಂದರೆ ಕಾರ್ಡಿನ ಹಿಂದೆ ಅವಳು ನಗುತ್ತಿದ್ದಾಳೆ. ಹೆಬ್ಬೆರಳಿನಿಂದ ಸುರುಮಾಡಿ ನಿಧಾನಕ್ಕೆ ಮೇಲೆ ಹೋದೆ. ಮುಚ್ಚಿದ ಬಾಯಿ, ಉಬ್ಬಿದ ಗಲ್ಲ, ನೀರು ತುಂಬಿದ ಕಣ್ಣು, ಎಲ್ಲ ಒಂದೊಂದಾಗಿ ತಿರುಗಿ ಬಂದವು. ಅಲ್ಲೇ ಹೊಸ್ತಿಲಲ್ಲಿ ಮೆಹಬೂಬಿಯ ಬಾಜೂಕ ಕೂತುಬಿಟ್ಟೆ.

ಈಗ ಎರಡೂ ಗೋಡೆಯ ಮೇಲಿವೆ. ವೈನಿ ಎರಡಕ್ಕೂ ಮಾಲೆ ಹಾಕುತ್ತಾರೆ, ಕುಂಕುಮಕ್ಕೆ ಮಾತ್ರ ಈಗಲೂ ಜಾಗ ಹುಡುಕುತ್ತಾರೆ.

ಇಷ್ಟೆಲ್ಲ ಆದ ಮೇಲೆ, ನನ್ನ ಹಿಂದೆ ಯಾರಿಗೂ ಈ ತೊಂದರೆ ಬೇಡವೆಂದು ನಾನು ಮೊನ್ನೆ ಸ್ಟುಡಿಯೋಕ್ಕೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ಅವನು ಕ್ಯಾಮರಾ ಹಿಡಿದು ಒಂದು ಕಣ್ಣು ಮುಚ್ಚಿದ. ಆ ಮುಚ್ಚಿದ ಕಣ್ಣು ನೋಡಿದೆ. ಅದರಲ್ಲಿ ನಗುವಂಥದ್ದು ಏನಿದೆ ಎಂದು ಇಷ್ಟು ವರ್ಷ ಅವಳನ್ನು ಬೈದವನು ನಾನು.

ಫೋಟೋ ಬಂದಿದೆ. ಅಂಗಿಯ ಇಸ್ತ್ರಿ ಚೆನ್ನಾಗಿ ಕಾಣುತ್ತದೆ. ಅದರ ಮೇಲೆ ಮುಖವಿರಬೇಕಾದ ಜಾಗದಲ್ಲಿ ಎರಡು ಕೈ ಇವೆ, ಕೈಯಲ್ಲಿ ಟವೆಲ್ಲು ಇದೆ. ಸ್ಟುಡಿಯೋದವನು ಲಕೋಟೆಯಲ್ಲಿ ಹಾಕಿ ಕೊಡುತ್ತ ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡ್ರಿ. ಮುಖಾ ನಮ್ಮಲ್ಲಿ ಅದಾವು."