ಜಾಲಿ ಮರದ ಗುಡಿ, ರೌಸ್ ಹಿಲ್‌ನ ಕೋಣೆ

ದೇವರಿಗೊಂದು ಪ್ರತ್ಯೇಕ ಕೋಣೆ ಬೇಕೆಂಬ ಹಟ, ದೇವರನ್ನು ಅಪರೂಪಕ್ಕೆ ನೆನೆಯುವವರಿಗೇ ಹೆಚ್ಚು. ಇದು ನನ್ನನ್ನೇ ನೋಡಿ ನಾನು ಕಂಡುಕೊಂಡ ಸತ್ಯ. ಕಾರಿನ ಕೀ ಹುಡುಕುತ್ತಲೇ ಊದುಬತ್ತಿ ಹಚ್ಚುವ ನಾನು, ಸಿಡ್ನಿಯ ರೌಸ್ ಹಿಲ್‌ನಲ್ಲಿ ಮನೆ ಕಟ್ಟಿಸಲು ಹೊರಟ ಕೂಡಲೇ ಮಹಾಭಕ್ತನಾದೆ. ನಕ್ಷೆಯಲ್ಲಿ ಉಳಿದದ್ದು ಒಂದೇ ಪುಟ್ಟ ಕೋಣೆ. ಅದು ದೇವರಿಗೆ ಎಂದು ನಾನು. ತನ್ನ ಓದಿಗೆ ಎಂದು ಹೆಂಡತಿ ಸುಮಾ. ಊರಲ್ಲಿ ದಂತವೈದ್ಯೆಯಾಗಿದ್ದವಳು ಇಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಿತ್ತು. ಬಾಡಿಗೆ ಮನೆಯ ಊಟದ ಮೇಜಿನ ಮೇಲೆ, ನನ್ನ ಕ್ರಿಕೆಟ್ ಕಾಮೆಂಟರಿಯ ನಡುವೆ ಓದಿ, ಒಮ್ಮೆ ಫೇಲಾಗಿಯೂ ಇದ್ದಳು.

"ಅಲ್ಲ ಮಾರಾಯ್ತಿ, ಹಾಗಾದ್ರೆ ದೇವರು ಎಲ್ಲಿರ್ಬೇಕು?" ಎಂದೆ.

"ದೇವರು ಎಲ್ಲಾ ಕಡೆ ಇರ್ತಾನೆ ರೀ. ನನಗೆ ಓದೋಕೆ ಒಂದು ರೂಮ್ ಸಾಕು."

ಉಡುಪಿಯವನಾದ ನನಗೆ ಮೈಸೂರಿನವಳ ಈ ತರ್ಕ ಹಿಡಿಸಲಿಲ್ಲ. ಕೋಣೆಯ ವಿಷಯ ಇತ್ಯರ್ಥವಾಗದೆ ಉಳಿಯಿತು.

ಆ ವಾರವೇ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದೆ. ಶನಿವಾರ ಅಲ್ಲಿನ ಸಹೋದ್ಯೋಗಿ ಡ್ಯಾನಿ ತನ್ನ ತಾಯಿಯ ಮನೆಗೆ ಊಟಕ್ಕೆ ಕರೆದ. ಅವರು ಯಹೂದಿಗಳು. ಧರ್ಮಗ್ರಂಥದಲ್ಲಿ ವಾರಕ್ಕೊಂದು ಭಾಗ ಓದಿ, ಊಟದ ಮೇಜಿನಲ್ಲೇ ಅದನ್ನು ಚರ್ಚಿಸುವುದು ಅವರ ಮನೆಯ ಪದ್ಧತಿ. ಆ ವಾರದ ಭಾಗವೋ, ಮರುಭೂಮಿಯಲ್ಲಿ ದೇವರಿಗೆ ಗುಡಾರದ ಗುಡಿ ಕಟ್ಟುವ ವಿವರ! ಕಟ್ಟಡಗಳ ಅಂದಾಜು ಹಾಕುವುದೇ ನನ್ನ ಕಸುಬು, ಕಿವಿ ನೆಟ್ಟಗಾಯಿತು. ಚಿನ್ನ, ತಾಮ್ರ, ನೀಲಿ ನೂಲು, ಮೇಕೆಗೂದಲಿನ ಪರದೆ, ಪ್ರತಿಯೊಂದಕ್ಕೂ ಮೊಳದ ಲೆಕ್ಕ. ಇಷ್ಟು ಚೊಕ್ಕವಾಗಿ ಹೇಳುವ ಗಿರಾಕಿ ನನಗೆ ಎಂದೂ ಸಿಕ್ಕಿಲ್ಲ.

"ಮರ ಯಾವುದು ಆಂಟಿ?" ಎಂದೆ.

"ಅಕೇಶಿಯಾ. ಇಲ್ಲಿಯ ವಾಟಲ್ ಮರದ ನೆಂಟ," ಎಂದರು ಡ್ಯಾನಿಯ ತಾಯಿ ರೂತ್ ಆಂಟಿ.

ಅಂದರೆ ಜಾಲಿ! ಬೇಲಿಗೆ ಹಾಕುವ ಜಾಲಿ! ನಾನಾದರೋ ದೇವರ ಮಂಟಪಕ್ಕೆ ತೇಗವೇ ಬೇಕೆಂದು ಕೂತಿದ್ದೆ.

"ಮರುಭೂಮಿಯಲ್ಲಿ ಇನ್ನೇನು ಸಿಗುತ್ತೆ? ಇದ್ದದ್ದರಲ್ಲೇ ಕಟ್ಟಬೇಕಲ್ಲ," ಎಂದು ಆಂಟಿ ನಕ್ಕರು. ಗುಡಾರಕ್ಕೆ ಹೊದಿಸಿದ ಚರ್ಮ ಯಾವ ಪ್ರಾಣಿಯದು ಎಂದರೆ ಯಾರಿಗೂ ಗೊತ್ತಿಲ್ಲವಂತೆ. ಪಂಡಿತರು ಶತಮಾನಗಳಿಂದ ಜಗಳವಾಡುತ್ತಿದ್ದಾರಂತೆ. ತಾಯಿ ಮಗ ಅಲ್ಲೇ ಅದನ್ನು ಮುಂದುವರಿಸಿದರು.

ಸಮಯ ನೋಡಿ ನಾನು ಮೆಲ್ಲಗೆ ಕೇಳಿದೆ: "ಅಂತೂ ದೇವರಿಗೆ ಪ್ರತ್ಯೇಕ ಕೋಣೆ ಬೇಕೇ ಬೇಕು ಅಂತಾಯ್ತಲ್ಲ, ಆಂಟಿ?"

ಆಂಟಿ ಕನ್ನಡಕ ಏರಿಸಿದರು. "ಸರಿಯಾಗಿ ನೋಡು. ಗುಡಿ ಮಾಡಿ ಅಂತ ಹೇಳಿದ್ದಾನೆ, ನಿಜ. ಆದರೆ ಅದರೊಳಗೆ ಇರ್ತೀನಿ ಅಂದಿಲ್ಲ. ಜನರ ನಡುವೆ ಇರ್ತೀನಿ ಅಂದಿದ್ದಾನೆ."

ಬೆಂಬಲ ಕೇಳಲು ಹೋದವನು ತಟ್ಟೆಯಿಂದ ಕಣ್ಣೆತ್ತಿ ನೋಡಿದೆ. ಊಟದ ಮೇಜು, ಅದರ ಮೇಲೆ ಹರಡಿದ ಪುಸ್ತಕ. ನನ್ನ ಕಣ್ಣಿಗೆ ಸುಮಾಳೇ ಕಂಡಳು.

ಸಿಡ್ನಿಗೆ ಮರಳಿದವನು ಬ್ಯಾಗ್ ಇಳಿಸುವ ಮೊದಲೇ ಅವಳಿಗೆ ಎಲ್ಲವನ್ನೂ ಹೇಳಿ, "ರೂಮು ನಿನಗೇ," ಎಂದೆ. ಅವಳು ಸಂತೋಷಪಡುತ್ತಾಳೆಂದುಕೊಂಡಿದ್ದೆ.

"ಇದನ್ನೇ ತಾನೆ ನಾನೂ ಹೇಳಿದ್ದು? ಅದನ್ನ ಕೇಳೋಕೆ ಮೆಲ್ಬರ್ನ್‌ವರೆಗೂ ಹೋಗ್ಬೇಕಿತ್ತಾ?" ಎಂದಳು. ಆದರೆ ನಗುತ್ತಿದ್ದಳು.

ಮನೆ ಎದ್ದಿತು, ಸುಮಾ ಪಾಸಾಗಿ ಮುಂದಿನ ಹಂತದ ಪರೀಕ್ಷೆಗೆ ಓದತೊಡಗಿದಳು. ದೇವರು ಹಾಲ್‌ನ ಗೂಡಿನಲ್ಲಿ ಎಲ್ಲರ ನಡುವೆ ಆರಾಮಾಗಿದ್ದಾನೆ. ಆದರೆ ಆ ಕೋಣೆ ಮಾತ್ರ ಗರ್ಭಗುಡಿಯಾಗಿಬಿಟ್ಟಿದೆ. ಒಳಗೆ ನನಗೆ ಪ್ರವೇಶವಿಲ್ಲ. ಎರಡು ಹೊತ್ತು ಕಾಫಿಯ ನೈವೇದ್ಯವನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ, ಹಿಂದೆ ಸರಿದು ನಿಲ್ಲುತ್ತೇನೆ. ಇಷ್ಟು ನಿಷ್ಠೆಯಿಂದ ನಾನು ಯಾವ ದೇವರಿಗೂ ಪೂಜೆ ಮಾಡಿದವನಲ್ಲ.